ಕಾರಿನಲ್ಲಿ ಬಂದ ಅಡ್ಮಿಷನ್

ನಾನು ಸುಲಭಕ್ಕೆ ಯಾರನ್ನೂ ನಂಬುವವಳಲ್ಲ. ತರಕಾರಿಯವನು ತಾನಾಗಿಯೇ ಒಂದು ಹಿಡಿ ಕೊತ್ತಂಬರಿ ಹೆಚ್ಚು ಹಾಕಿದರೆ, ಬದನೆಕಾಯಿಯಲ್ಲಿ ಹುಳ ಇರಬೇಕು ಎಂದು ಅಲ್ಲೇ ಚೀಲ ಬಿಚ್ಚಿ ನೋಡುತ್ತೇನೆ. ಮದುವೆಯಾದ ಹೊಸದರಲ್ಲಿ ನಮ್ಮ ಯಜಮಾನರು ಇದನ್ನು ಜಾಣತನ ಎನ್ನುತ್ತಿದ್ದರು. ಆಮೇಲಾಮೇಲೆ ರೋಗ ಎನ್ನತೊಡಗಿದರು. ಇರಲಿ. ವರ್ಷಗಟ್ಟಲೆ ಒಂದನೇ ತರಗತಿಗೆ ಪಾಠ ಹೇಳಿದವಳಿಗೆ ಈ ರೋಗ ಬರದಿದ್ದರೇ ಆಶ್ಚರ್ಯ. ಹೊಟ್ಟೆನೋವು ಅಂದವನ ಹೊಟ್ಟೆ, ಪೆನ್ಸಿಲ್ ಕಳೆದುಹೋಯಿತು ಅಂದವಳ ಜೇಬು, ಅಜ್ಜಿ ತೀರಿಕೊಂಡರು ಅಂದವನ ಅಜ್ಜಿ, ಎಲ್ಲವನ್ನೂ ನೋಡಿಯೇ ನಂಬಬೇಕು. ನಮ್ಮ ತರಗತಿಯ ಒಬ್ಬ ಹುಡುಗನ ಅಜ್ಜಿ ಒಂದೇ ವರ್ಷದಲ್ಲಿ ಹಲವು ಸಲ ತೀರಿಕೊಂಡು, ಶಾಲಾ ವಾರ್ಷಿಕೋತ್ಸವಕ್ಕೆ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು.

ನಮ್ಮದು ರಾಜಾಜಿನಗರದ ಒಂದು ಅನುದಾನಿತ ಕನ್ನಡ ಶಾಲೆ. ಮೂಲೆ ಸೈಟು, ಕಲ್ಲು ಕಟ್ಟಡ, ಅಂಗಳದಲ್ಲೊಂದು ಹೊಂಗೆ ಮರ. ನಾನು ಕೆಲಸಕ್ಕೆ ಸೇರಿದಾಗ ಒಂದನೇ ತರಗತಿಗೆ ಎರಡು ಸೆಕ್ಷನ್ ಇದ್ದವು; ಬೆಂಚು ಸಾಲದೆ ಮಕ್ಕಳು ನೆಲದಲ್ಲಿ ಕೂರುತ್ತಿದ್ದರು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗುವ ಹೊತ್ತಿಗೆ ಒಂದು ಸೆಕ್ಷನ್ನೂ ತುಂಬದೆ, ಹಿಂದಿನ ಬೆಂಚುಗಳ ಮೇಲೆ ನಾವು ಬಿಸಿಯೂಟದ ತಟ್ಟೆಗಳನ್ನು ಜೋಡಿಸಿಡುತ್ತಿದ್ದೆವು. ಆಟೋ ಓಡಿಸುವವರ ಮಕ್ಕಳು, ಗಾರ್ಮೆಂಟ್ಸಿಗೆ ಹೋಗುವವರ ಮಕ್ಕಳು, ದೇವಸ್ಥಾನದ ಮುಂದೆ ಹೂ ಕಟ್ಟುವವಳ ಮಗಳು, ಎಲ್ಲರೂ ಟೈ ಕಟ್ಟಿಕೊಂಡು ನಮ್ಮ ಗೇಟಿನ ಮುಂದೆಯೇ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದರು. ಅವರನ್ನು ಅನ್ನುವುದಕ್ಕೆ ನನಗೆ ಬಾಯಿರಲಿಲ್ಲ. ನನ್ನ ಮಗನೂ ಟೈ ಕಟ್ಟುತ್ತಿದ್ದ. ಯಾಕೆ ಅಂತ ಯಾರಾದರೂ ಕೇಳಿದರೆ ಆ ಸ್ಕೂಲು ಮನೆಗೆ ಹತ್ತಿರ ಅನ್ನುತ್ತಿದ್ದೆ. ಹತ್ತಿರವೇ ಇತ್ತು, ಸುಳ್ಳಲ್ಲ.

ನಮ್ಮಲ್ಲಿಗೆ ಬರುತ್ತಿದ್ದವರು ಬೇರೆ ಗತಿಯಿಲ್ಲದವರು. ಗಾರೆ ಕೆಲಸಕ್ಕೆ ಬಂದ ತಮಿಳರ ಮಕ್ಕಳು, ರಾಯಚೂರು ಕಡೆಯಿಂದ ಬಂದು ಕಟ್ಟಡ ಕಾಯುವವರ ಮಕ್ಕಳು, ಉರ್ದು ಮಾತಾಡುವ ಮೆಕ್ಯಾನಿಕ್‌ಗಳ ಮಕ್ಕಳು. ಇಂಥ ಶಾಲೆಗೆ ಒಂದು ಜೂನ್ ತಿಂಗಳ ಬೆಳಿಗ್ಗೆ ಕಾರಿನಲ್ಲಿ ಒಂದು ಅಡ್ಮಿಷನ್ ಬಂತು.

ಗಂಡ, ಹೆಂಡತಿ, ಒಂದು ಹೆಣ್ಣು ಮಗು. ರಾಜಸ್ಥಾನದ ಕಡೆಯವರು, ಮನೆಮಾತು ಮಾರವಾಡಿ. ಗಂಡನಿಗೆ ನಾಯಂಡಹಳ್ಳಿಯ ಹತ್ತಿರ ಪ್ಲೈವುಡ್ ಗೋಡೌನು. ಅವನು ಮೊಬೈಲು ಕಿವಿಗಿಟ್ಟುಕೊಂಡು ಹೊಂಗೆ ಮರದ ಕೆಳಗೇ ಉಳಿದ. ಹೆಂಡತಿ ಒಳಗೆ ಬಂದಳು. ತಲೆ ಮೇಲೆ ಸೆರಗು, ಕೈ ತುಂಬ ಬಳೆ, ಅರ್ಧಂಬರ್ಧ ಕನ್ನಡ. ಮಗು ಅವಳ ಸೀರೆಯ ಹಿಂದೆ ನಿಂತು ನನ್ನನ್ನೇ ನೋಡುತ್ತಿತ್ತು. ಹೊಳೆಯುವ ಕಪ್ಪು ಶೂ, ಬಿಗಿಯಾಗಿ ಹೆಣೆದ ಎರಡು ಜಡೆ.

ಅಡ್ಮಿಷನ್ನಿಗೆ ಬರುವ ತಂದೆತಾಯಿ ಏನು ಕೇಳುತ್ತಾರೆ ಅಂತ ನನಗೆ ಬಾಯಿಪಾಠ. ಕಂಪ್ಯೂಟರ್ ಇದೆಯಾ, ಇಂಗ್ಲಿಷ್ ಯಾವ ಕ್ಲಾಸಿಂದ, ಊಟ ಕೊಡ್ತೀರಾ, ಯೂನಿಫಾರಂ ಫ್ರೀಯಾ. ಈಕೆ ಅದ್ಯಾವುದನ್ನೂ ಕೇಳಲಿಲ್ಲ.

"ಕ್ಲಾಸಲ್ಲಿ ಎಷ್ಟು ಮಕ್ಕಳು ಇದಾರೆ ಮಿಸ್?"

ಹೇಳಿದೆ. ಕಡಿಮೆ ಎಂದು ಕೇಳಿ ಅವಳ ಮುಖ ಅರಳಿತು. ಮಕ್ಕಳು ಕಡಿಮೆ ಅಂದರೆ ಮುಖ ಅರಳುವ ತಾಯಿಯನ್ನು ನಾನು ನೋಡಿದ್ದು ಅದೇ ಮೊದಲು.

"ಇವಳಿಗೆ ಕನ್ನಡ ಬರಲ್ಲ ಮಿಸ್. ಒಂದು ಅಕ್ಷರನೂ ಬರಲ್ಲ. ಕನ್ನಡ ಬರದೆ ಇರೋ ಮಕ್ಕಳಿಗೆ ನೀವು ಎಷ್ಟು ಟೈಮ್ ಕೊಡ್ತೀರಾ?"

"ಟೈಮ್ ಅಂದ್ರೆ?"

"ಮಾತಾಡಕ್ಕೆ."

"ಕಲಿತಾವೆ ಬಿಡಮ್ಮ. ಮೊದಲು ಯಾವ ಸ್ಕೂಲಲ್ಲಿದ್ಲು?"

"ಇದೇ ಫಸ್ಟು ಮಿಸ್. ಎಲ್ಲೂ ಹೋಗಿಲ್ಲ," ಅಂದಳು. ಅನ್ನುವಾಗ ನನ್ನನ್ನು ನೋಡಲಿಲ್ಲ, ಗೋಡೆಯ ಮೇಲಿದ್ದ ಭೂಪಟ ನೋಡಿದಳು.

ನನಗೆ ಅಲ್ಲೇ ಅನುಮಾನ ಶುರುವಾಯಿತು. ಎಲ್ಲೂ ಹೋಗದ ಮಗು ಶೂ ಲೇಸನ್ನು ತಾನೇ ಕಟ್ಟಿಕೊಳ್ಳುತ್ತದೆಯೇ? ಗಂಟೆ ಬಾರಿಸಿದ ತಕ್ಷಣ ಹೋಗಿ ಸಾಲಿನ ಕೊನೆಯಲ್ಲಿ ಕೈ ಕಟ್ಟಿ ನಿಲ್ಲುತ್ತದೆಯೇ? ಇದನ್ನು ಹೆಡ್‌ಮೇಡಂ ಕಿವಿಗೆ ಹಾಕಿದೆ. ಅವರಿಗೆ ರಿಟೈರ್ ಆಗಲು ಹೆಚ್ಚು ಕಾಲ ಉಳಿದಿರಲಿಲ್ಲ, ಅಷ್ಟರೊಳಗೆ ಶಾಲೆ ಮುಚ್ಚಿದ ಕೆಟ್ಟ ಹೆಸರು ತಮಗೆ ಬರಬಾರದು ಅನ್ನುವುದೊಂದೇ ಅವರ ಆಸೆ.

"ಸುಮ್ನಿರ್ರೀ, ನಿಮ್ದೊಂದು," ಅಂದರು. "ತಾನಾಗಿ ಬಂದಿರೋ ಮಗು. ನಿಮ್ಮ ಕ್ಲಾಸಲ್ಲಿ ಸಂಖ್ಯೆ ಇನ್ನೂ ಕಮ್ಮಿ ಆದ್ರೆ ನಿಮ್ಮನ್ನೇ ಹೆಚ್ಚುವರಿ ಅಂತ ಬೇರೆ ಕಡೆ ಹಾಕ್ತಾರೆ, ಗೊತ್ತಲ್ಲ?"

ಗೊತ್ತಿತ್ತು. ಆದರೆ ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದೆ, ಇವರು ಏನು ಮುಚ್ಚಿಡುತ್ತಿದ್ದಾರೆ ಅಂತ ಪತ್ತೆಮಾಡಿ, ಮೋಸ ಇದ್ದರೆ ಹೆಸರು ಹೊಡೆದುಹಾಕಿಸುತ್ತೇನೆ ಎಂದು. ಆ ಮಗುವಿಗೆ ನಮ್ಮ ಶಾಲೆ ಬಿಟ್ಟರೆ ಬೇರೆ ಶಾಲೆಯೇ ಇಲ್ಲ ಅನ್ನುವುದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಸ್ಟಾಫ್‌ರೂಮಿನಲ್ಲಿ ವಾರಗಟ್ಟಲೆ ಇದೇ ಮಾತು. ದುಡ್ಡಿರುವವರು ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಯಾಕೆ ಬಂದರು? ಕನ್ನಡಿಗರೇ ಬಿಟ್ಟು ಓಡುತ್ತಿರುವಾಗ ಮಾರವಾಡಿಗಳಿಗೇನು ಇಲ್ಲಿ ಕೆಲಸ? ಸರ್ಕಾರಿ ನೌಕರಿಗೆ ಕನ್ನಡ ಮೀಡಿಯಂ ಮೀಸಲಾತಿ ಇದೆಯಲ್ಲ, ಅದರ ಮೇಲೆ ಕಣ್ಣು ಎಂದರು ಹೆಡ್‌ಮೇಡಂ. ಗೋಡೌನ್ ಇಟ್ಟವರು ಮಗಳನ್ನು ಗುಮಾಸ್ತೆ ಮಾಡಲು ಒಂದನೇ ತರಗತಿಯಿಂದ ತಯಾರಿ ನಡೆಸುತ್ತಾರೆಯೇ ಎಂದೆ ನಾನು. ಯಾವುದೋ ಜ್ಯೋತಿಷಿ ಹೇಳಿರಬೇಕು ಎಂಬುದೂ ಬಂತು. ಗದಗದ ಕಡೆಯಿಂದ ಹೊಸದಾಗಿ ಬಂದಿದ್ದ ಮೇಷ್ಟ್ರೊಬ್ಬರಿದ್ದರು, ಐದನೇ ತರಗತಿಯವರು. ಅವರು ಚಹಾ ಲೋಟ ಕೆಳಗಿಟ್ಟು, ಬಾಗಿಲ ಕಡೆ ಒಮ್ಮೆ ನೋಡಿ ಹೇಳಿದರು: "ಮೇಡಂ, ಇದು ಸೈಟಿನ ಮ್ಯಾಲ ಕಣ್ಣ ಐತ್ರಿ. ಮಗೂನ ಹಾಕೋದು ಬರೇ ನೆವ. ಒಳಗ ಎಷ್ಟು ಹುಡುಗ್ರು ಅದಾರ, ಸಾಲಿ ಯಾವಾಗ ಮುಚ್ಚತೈತಿ ಅಂತ ನೋಡಾಕ ಬಂದಾರ. ಮುಂದ ಕಾಂಪ್ಲೆಕ್ಸ್ ಎಬ್ಬಸ್ತಾರ, ನೋಡ್ತಿರ್ರಿ."

ಇದು ನನಗೆ ಸರಿ ಕಂಡಿತು. ಆ ವರ್ಷಗಳಲ್ಲಿ ನಮ್ಮ ರಸ್ತೆಯಲ್ಲಿ ಮನೆ ಅನ್ನುವುದು ಹೋಗಿ ಶೋರೂಮು ಆಗುತ್ತಿತ್ತು. ಮೂಲೆ ಸೈಟು ಅಂದರೆ ದಳ್ಳಾಳಿಗಳ ಬಾಯಲ್ಲಿ ನೀರು. ಅಲ್ಲದೆ ಆ ತಾಯಿ ದಿನಾ ಶಾಲೆ ಬಿಡುವ ಹೊತ್ತಿಗಿಂತ ಬಹಳ ಮೊದಲೇ ಬಂದು, ನನ್ನ ತರಗತಿಯ ಕಿಟಕಿಗೆ ಎದುರಾಗಿ ಕಾಂಪೌಂಡಿಗೆ ಒರಗಿ ನಿಲ್ಲುತ್ತಿದ್ದಳು. ಬೇರೆ ತಾಯಂದಿರ ಹಾಗೆ ಪಕ್ಕದವರೊಡನೆ ಹರಟುತ್ತಿರಲಿಲ್ಲ. ಕಣ್ಣು ಕಿತ್ತು ಕಿಟಕಿಯೊಳಗಿಟ್ಟವಳಂತೆ ನೋಡುತ್ತಿದ್ದಳು. ತಲೆ ಎಣಿಸುತ್ತಿದ್ದಾಳೆ ಅಂದುಕೊಂಡೆ. ಒಂದು ದಿನ ಎದ್ದುಹೋಗಿ ಅವಳ ಮುಖಕ್ಕೇ ಕಿಟಕಿ ಹಾಕಿದೆ.

ಇನ್ನು ಮಗುವಿನ ವಿಷಯ. ಕನ್ನಡ ಬಾರದ ಮಕ್ಕಳಿಗೆ ಕನ್ನಡ ಕಲಿಸಲು ನನಗೆ ಗೊತ್ತಿದ್ದದ್ದು ಒಂದೇ ದಾರಿ. ಅವರ ಭಾಷೆ ನನಗೆ ಬರುವುದೇ ಇಲ್ಲ ಎಂದು ನಟಿಸುವುದು. ನನಗೆ ತಮಿಳು ಅರ್ಥವಾಗುತ್ತದೆ, ಹಿಂದಿ ಪರೀಕ್ಷೆಗಳನ್ನು ಕಟ್ಟಿ ಪಾಸಾದವಳು. ಆದರೆ ತರಗತಿಯಲ್ಲಿ ಮಗು "ತಣ್ಣಿ" ಅಂದರೂ "ಪಾನಿ" ಅಂದರೂ ನಾನು ಕಲ್ಲು; ತಾಯಂದಿರಿಗೂ ನನಗೆ ಹಿಂದಿ ಬರುವುದಿಲ್ಲ ಎಂದೇ ಹೇಳಿಟ್ಟಿದ್ದೆ. ಕೊನೆಗೆ ಅದು ನನ್ನ ಸೆರಗು ಹಿಡಿದು ಎಳೆದುಕೊಂಡು ಹೋಗಿ ಕೊಡ ತೋರಿಸುತ್ತದೆ, ಆಗ ನಾನು "ಓ, ನೀರಾ!" ಎಂದು ಕಣ್ಣರಳಿಸುತ್ತೇನೆ. ಒಂದು ತರಬೇತಿಯಲ್ಲಿ ಯಾರೋ ಇದಕ್ಕೆ ಇಮ್ಮರ್ಶನ್, ಭಾಷೆಯಲ್ಲೇ ಮುಳುಗಿಸುವುದು, ಅಂತ ಹೆಸರಿದೆ ಅಂದರು. ಬಚ್ಚಲಲ್ಲಿ ನೀರು ಕಾಯಿಸುವ ಕಾಯಿಲಿಗೂ ಅದೇ ಹೆಸರಲ್ಲವೇ ಎಂದು ನಾವು ಹಿಂದಿನ ಸಾಲಿನಲ್ಲಿ ನಕ್ಕೆವು. ಹೆಸರು ಏನೇ ಇರಲಿ, ಕೆಲಸ ಆಗುತ್ತಿತ್ತು. ದಸರಾ ರಜೆ ಮುಗಿಸಿ ಬರುವಷ್ಟರಲ್ಲಿ ಎಲ್ಲ ಮಕ್ಕಳಿಗೂ ಬಾಯಿ ಬರುತ್ತಿತ್ತು. ಮೊದಲು ಬರುವ ವಾಕ್ಯ ಯಾವಾಗಲೂ ದೂರು. "ಮಿಸ್, ಇವ್ನು ಹೊಡ್ದ." ಭಾಷೆ ಕಲಿಯಲು ಜಗಳಕ್ಕಿಂತ ಒಳ್ಳೆಯ ಮೇಷ್ಟ್ರಿಲ್ಲ ಅಂತ ನನ್ನ ಅನುಭವ.

ಈ ಹುಡುಗಿ ಮಾತ್ರ ತುಟಿ ಬಿಚ್ಚಲಿಲ್ಲ.

ಭಾಷೆ ಬಾರದ ಮಗುವಿನ ಮೌನ ನನಗೆ ಹೊಸದಲ್ಲ. ಅದರ ಕಣ್ಣಲ್ಲಿ ಗಲಿಬಿಲಿ ಇರುತ್ತದೆ, ಪಕ್ಕದವರು ಎದ್ದರೆ ಏಳುತ್ತದೆ, ಕೂತರೆ ಕೂರುತ್ತದೆ. ಈಕೆಗೆ ಗಲಿಬಿಲಿ ಇರಲಿಲ್ಲ. ಆಷಾಢ ಕಳೆಯುವಷ್ಟರಲ್ಲಿ ನಾನು ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು. "ಹಸಿರು ಬಳಪ ಕೊಡು" ಅಂದರೆ ಹಸಿರೇ ಕೊಡುತ್ತಿದ್ದಳು. ಅಕ್ಷರ ಮುತ್ತಿನಂತೆ ಬರೆಯುತ್ತಿದ್ದಳು. ಕಥೆ ಹೇಳುವಾಗ ನಗು ಬರುವ ಜಾಗಕ್ಕೆ ಸರಿಯಾಗಿ ನಗುತ್ತಿದ್ದಳು, ಸದ್ದಿಲ್ಲದೆ. ಪಕ್ಕದಲ್ಲಿ ಕೂರುತ್ತಿದ್ದ ತಮಿಳು ಹುಡುಗಿ, ವಾಚಾಳಿ, ತಾನೇ ಅವಳ ವಕೀಲಳಾಗಿಬಿಟ್ಟಿದ್ದಳು. "ಮಿಸ್, ಇವ್ಳು ಒಂದಕ್ಕೆ ಹೋಗ್ಬೇಕಂತೆ." ಹೇಗೆ ಗೊತ್ತಾಯಿತೇ ನಿನಗೆ ಅಂದರೆ, "ಕಾಲು ಆಡಿಸ್ತಾವ್ಳೆ ಮಿಸ್" ಅನ್ನುತ್ತಿದ್ದಳು.

ಒಂದು ದಿನ ಬಾಗಿಲಿನ ಸಂದಿಗೆ ಅವಳ ಬೆರಳು ಸಿಕ್ಕಿತು. ಉಗುರು ನೀಲಿಗಟ್ಟಿತು. ನೋವಾದ ಮಗು ತನ್ನ ಭಾಷೆಯಲ್ಲಿ ಅಮ್ಮನನ್ನು ಕೂಗುತ್ತದೆ, ಅದಕ್ಕೆ ಯಾರ ಪಾಠವೂ ಬೇಡ. ಈಕೆಯ ಕಣ್ಣಿಂದ ದಳದಳ ನೀರು ಸುರಿಯಿತು, ಬಾಯಿಂದ ಒಂದು ಸದ್ದೂ ಬರಲಿಲ್ಲ. ತಣ್ಣೀರಿನ ಬಟ್ಟೆ ಸುತ್ತಿದೆ. ಕರುಣೆಗಿಂತ ಹೆಚ್ಚಾಗಿ ಬಂದದ್ದು ಅನುಮಾನ. ಮಗು ಮೂಗಿ, ಅದನ್ನು ಮುಚ್ಚಿಟ್ಟು ಸೇರಿಸಿದ್ದಾರೆ ಎಂದುಕೊಂಡೆ.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಕುರುಬರಹಳ್ಳಿಗೆ ಹೋದೆ. ಅವರ ಮನೆ ಅಲ್ಲೇ. ನಮ್ಮ ಮನೆ ಬಸವೇಶ್ವರನಗರ. ನಾನು ಸಾಮಾನು ತರುವುದು ನಮ್ಮ ಬೀದಿಯಲ್ಲೇ. ಆದರೂ ಚೀಲ ಹಿಡಿದು ಅಷ್ಟು ದೂರ ನಡೆದೆ, ಸಾಸಿವೆ ತರುವ ನೆಪದಲ್ಲಿ. ಮೊದಲನೇ ಮಹಡಿಯ ಮನೆ, ಕೆಳಗೆ ಅದೇ ಕಾರು. ಎದುರಿನ ದಿನಸಿ ಅಂಗಡಿಯಲ್ಲಿ ನಿಂತು ಸಾಸಿವೆ ಕೇಳಿದೆ.

ಮೇಲಿನಿಂದ ಒಂದು ದನಿ ಕೇಳಿಸಿತು. ಗಟ್ಟಿ ದನಿ. ಬಾಲ್ಕನಿಯಲ್ಲಿ ಆ ಹುಡುಗಿ ಸೊಂಟದ ಮೇಲೆ ಕೈ ಇಟ್ಟುಕೊಂಡು ತನಗಿಂತ ಚಿಕ್ಕವನೊಬ್ಬನಿಗೆ, ತಮ್ಮನಿರಬೇಕು, ಬೈಯುತ್ತಿದ್ದಳು. ಅವರ ಭಾಷೆ ನನಗೆ ಬಾರದಿದ್ದರೂ ಬೈಗುಳ ಅಂತ ಗೊತ್ತಾಗುತ್ತಿತ್ತು. ಉಸಿರು ತೆಗೆದುಕೊಳ್ಳದೆ ಬೈದು, ಆಮೇಲೆ ಏನೋ ಹಾಡತೊಡಗಿದಳು.

"ಯಾರ್ದಣ್ಣ ಆ ಮಗು? ಹೀಗೆ ಮಾತಾಡತ್ತೆ?"

"ಅಯ್ಯೋ, ಅದಾ? ಬಾಯಿಬಡಕಿ ಕಣಮ್ಮ," ಅಂದ ಅಂಗಡಿಯವನು, ಪೊಟ್ಟಣ ಕಟ್ಟುತ್ತಾ. "ಬೆಳಿಗ್ಗೆ ಶುರು ಮಾಡಿದ್ರೆ ರಾತ್ರಿ ಮಲಗೋವರ್ಗೂ ಬಿಡಲ್ಲ. ಮೊದ್ಲು ದೊಡ್ಡ ಕಾನ್ವೆಂಟಿಗೆ ಹೋಗ್ತಿತ್ತು, ಬಸ್ಸು ಇಲ್ಲಿಗೇ ಬರ್ತಿತ್ತು. ಈ ವರ್ಷ ಯಾಕೋ ಬಿಡಿಸ್ಬಿಟ್ರು."

ಅಷ್ಟು ಸಾಕಿತ್ತು. ಮಗು ಮೂಗಿಯಲ್ಲ, ಇದು ಮೊದಲ ಶಾಲೆಯೂ ಅಲ್ಲ. ಅವಳ ಮೌನವೂ ಸುಳ್ಳು, ತಾಯಿಯ ಮಾತೂ ಸುಳ್ಳು. ನನ್ನ ಅನುಮಾನ ನಿಜವಾದಾಗ ಆಗುವ ಖುಷಿಯೇ ಬೇರೆ; ಮನೆಗೆ ಬರುವ ದಾರಿಯುದ್ದಕ್ಕೂ ಅದರಲ್ಲೇ ಬೀಗಿದೆ. ಇಷ್ಟು ತಿಂಗಳು ಒಂದು ಚೋಟುದ್ದದ ಹುಡುಗಿ ನನ್ನನ್ನು ಆಡಿಸಿದ್ದಳಲ್ಲ ಎಂದು ಸಿಟ್ಟೂ ಬಂತು.

ಸೋಮವಾರ ಶಾಲೆ ಬಿಟ್ಟ ಮೇಲೆ ತಾಯಿಯನ್ನು ಒಳಗೆ ಕರೆದೆ. ಮಗು ಅಂಗಳದಲ್ಲಿ ತಮಿಳು ಹುಡುಗಿಯ ಜೊತೆ ಹೊಂಗೆ ಎಲೆ ಆರಿಸುತ್ತಿತ್ತು. ನಾನು ನೇರವಾಗಿ ಹಿಂದಿಯಲ್ಲೇ ಶುರುಮಾಡಿದೆ, ತಪ್ಪಿಸಿಕೊಳ್ಳಲು ಅವಳಿಗೆ ಸಂದು ಇರಬಾರದೆಂದು. ಮಗು ಮನೆಯಲ್ಲಿ ಮಾತಾಡುವುದನ್ನು ಕಿವಿಯಾರೆ ಕೇಳಿದ್ದೇನೆ, ಹಿಂದಿನ ಶಾಲೆಯ ವಿಷಯವೂ ಗೊತ್ತು, ಈಗ ನಿಜ ಹೇಳದಿದ್ದರೆ ನಾಳೆ ಹೆಡ್‌ಮೇಡಂ ಮುಂದೆ ಹೇಳಬೇಕಾಗುತ್ತದೆ ಎಂದೆ.

ಅವಳು ಬೆಚ್ಚಿದ್ದು ನನ್ನ ಮಾತಿಗಲ್ಲ. "ನಿಮಗೆ ಹಿಂದಿ ಬರುತ್ತಾ ಮಿಸ್? ಬರಲ್ಲ ಅಂದಿದ್ರಿ!"

"ನನ್ನ ವಿಷಯ ಬಿಡಿ," ಅಂದೆ.

ಅವಳು ಬೆಂಚಿನ ತುದಿಯಲ್ಲಿ ಕೂತು ಹೇಳಿದಳು. ಹಿಂದಿಯಲ್ಲೇ ಹೇಳಿದಳು, ತಗ್ಗಿದ ದನಿಯಲ್ಲಿ, ಒಮ್ಮೊಮ್ಮೆ ಕಿಟಕಿಯಾಚೆ ಮಗಳನ್ನು ನೋಡಿಕೊಂಡು. ಮಗು ಮನೆಯಲ್ಲಿ ಅರಳು ಹುರಿದಂತೆ ಮಾತಾಡುತ್ತದೆ. ಮನೆಯ ಹೊಸ್ತಿಲು ದಾಟಿ ಶಾಲೆಯ ಗೇಟು ಕಂಡರೆ ಗಂಟಲು ಕಟ್ಟುತ್ತದೆ. ಬೇಕೆಂದು ಮಾಡುವುದಲ್ಲ, ಬರುವುದೇ ಇಲ್ಲ. ಇಂಗ್ಲಿಷ್ ಶಾಲೆಯಲ್ಲಿ ಎಲ್‌ಕೆಜಿ, ಯುಕೆಜಿ ಎರಡೂ ಹೀಗೇ ಕಳೆಯಿತು. ಮೊದಲು ನಾಚಿಕೆ ಅಂದರು. ಆಮೇಲೆ ಹಠ ಅಂದರು. ಮಾತಾಡುವವರೆಗೂ ಕೂರಬೇಡ ಎಂದು ನಿಲ್ಲಿಸಿದರು. ಮನೆಯಲ್ಲಿ ಮಾತಾಡುತ್ತಾಳೆ ಅಂತ ತಾಯಿ ಹೇಳಿದರೆ ಒಬ್ಬರೂ ನಂಬಲಿಲ್ಲ. ತಾಯಂದಿರು ಹಾಗೇ ಅನ್ನುತ್ತಾರೆ ಎಂದು ನಕ್ಕರು. ಕೊನೆಗೆ ಇವಳನ್ನು ಬೇರೆ ಥರದ ಮಕ್ಕಳ ಶಾಲೆಗೆ ಸೇರಿಸಿ, ಇಲ್ಲಿ ಬೇಡ ಎಂದುಬಿಟ್ಟರು. ಮನೆಯಲ್ಲಿ ಮಾವನವರು, ಹೆಣ್ಣು ಮಗು, ಓದದಿದ್ದರೆ ಏನಾಯಿತು, ಊರಿಗೆ ಕಳಿಸಿ ದೊಡ್ಡಮ್ಮನ ಮನೆಯಲ್ಲಿರಲಿ, ಇಲ್ಲಿದ್ದು ನಾಲ್ಕು ಜನರ ಮುಂದೆ ಮರ್ಯಾದೆ ಕಳೆಯುವುದು ಬೇಡ ಎಂದು ಹಠ ಹಿಡಿದರು.

"ಆವಾಗ ನಾನು ಯೋಚನೆ ಮಾಡಿದೆ ಮಿಸ್," ಅಂದಳು, ಈಗ ಕನ್ನಡಕ್ಕೆ ಹೊರಳಿ. "ಇಂಗ್ಲಿಷ್ ಸ್ಕೂಲು, ಹಿಂದಿ ಸ್ಕೂಲು ಎಲ್ಲಾ ಕಡೆ ಕೇಳ್ತಾರೆ, ಯಾಕೆ ಮಾತಾಡಲ್ಲ, ಯಾಕೆ ಮಾತಾಡಲ್ಲ. ನಿಮ್ಮ ಸ್ಕೂಲಲ್ಲಿ ಯಾರೂ ಕೇಳಲ್ಲ. ಪಾಪ, ಕನ್ನಡ ಬರಲ್ಲ ಅಂತಾರೆ, ಬಿಡ್ತಾರೆ. ನಿಲ್ಲಿಸಲ್ಲ. ನಗಲ್ಲ. ಒಂದು ವರ್ಷ ಸಿಗುತ್ತೆ ಅಂತ. ಅಷ್ಟರಲ್ಲಿ ಬಾಯಿ ಬಿಟ್ಟರೆ ಬಿಟ್ಟಳು."

ನಿಜ ಹೇಳಬೇಕೆಂದರೆ ಮೊದಲು ಬಂದದ್ದು ಕರುಣೆಯಲ್ಲ, ಅವಮಾನ. ಒಬ್ಬರಾದರೂ ಕನ್ನಡ ಬೇಕು ಅಂತ ಕನ್ನಡ ಶಾಲೆಗೆ ಬಂದರಲ್ಲ ಎಂಬ ಸಣ್ಣ ಆಸೆ ಎಲ್ಲೋ ನನಗೂ ಇತ್ತು, ಅನುಮಾನದ ಅಡಿಯಲ್ಲಿ. ಇವಳಿಗೆ ನಮ್ಮ ಭಾಷೆ ಬೇಕಾದದ್ದು ಅದು ಮಗಳಿಗೆ ಬರುವುದಿಲ್ಲ ಅನ್ನುವ ಕಾರಣಕ್ಕೆ. ಆಮೇಲೆ ನನಗೆ ಆ ಕಿಟಕಿ ನೆನಪಾಯಿತು. ದಿನಾ ಕಾಂಪೌಂಡಿಗೆ ಒರಗಿ ಅವಳು ನೋಡುತ್ತಿದ್ದದ್ದು ಮಗಳ ತುಟಿಯನ್ನು. ಅದು ಅಲುಗುತ್ತದೆಯೇ ಎಂದು. ಅವಳ ಮುಖಕ್ಕೆ ಕಿಟಕಿ ಹಾಕಿದವಳು ನಾನು.

"ಹೆಡ್‌ಮೇಡಮ್ಮಿಗೆ ಹೇಳಬೇಡಿ ಮಿಸ್. ಇಲ್ಲಿಂದಲೂ ಕಳಿಸಿದರೆ ಊರಿಗೇ ಕಳಿಸ್ತಾರೆ ಅವಳನ್ನ."

"ನೋಡೋಣ," ಅಂದೆ. ಅಷ್ಟೇ ಅಂದೆ.

ಯಾಕೆಂದರೆ ನನಗೆ ಇನ್ನೂ ಪೂರ್ತಿ ನಂಬಿಕೆ ಬಂದಿರಲಿಲ್ಲ. ಒಂದು ಸುಳ್ಳು ಹೇಳಿದವಳು ಎರಡನೆಯದನ್ನೂ ಹೇಳಬಹುದಲ್ಲ? ಮಾತು ಬರುವ ಮಗುವಿಗೆ ಗೇಟು ಕಂಡರೆ ಮಾತು ನಿಲ್ಲುತ್ತದೆ ಅಂದರೆ ಯಾರು ನಂಬುತ್ತಾರೆ? ಮರುದಿನ ಬೆಳಿಗ್ಗೆ ಬೇಗ ಬಂದು ಆಫೀಸು ಕೋಣೆಯ ಬಾಗಿಲ ಹಿಂದೆ ನಿಂತೆ. ತಾಯಿ ಮಗಳು ಗೇಟಿನಾಚೆ ರಸ್ತೆ ದಾಟುತ್ತಿದ್ದರು. ಮಗು ಕೈ ಆಡಿಸುತ್ತಾ ತಾಯಿಗೆ ಏನೋ ವಿವರಿಸುತ್ತಿತ್ತು, ತಾಯಿ ನಗುತ್ತಿದ್ದಳು. ಗೇಟಿನ ಹತ್ತಿರ ಬಂದಂತೆ ಕೈ ಕೆಳಗಿಳಿಯಿತು. ಒಳಗೆ ಕಾಲಿಡುವಾಗ ಮಾತು ನಡುವೆಯೇ ನಿಂತಿತು. ಮಗು ಬಾಯಿ ತೆರೆದು ಮತ್ತೆ ಪ್ರಯತ್ನಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಕತ್ತಿನ ನರ ಉಬ್ಬಿತು. ಏನೂ ಬರಲಿಲ್ಲ. ಆಮೇಲೆ ಅದು ತಾಯಿಯ ಕೈ ಬಿಟ್ಟು, ತಲೆ ತಗ್ಗಿಸಿಕೊಂಡು ತರಗತಿಗೆ ನಡೆಯಿತು.

ಅವತ್ತಿನಿಂದ ನಾನೂ ಆ ತಾಯಿಯ ಪಕ್ಷ ಸೇರಿದೆ. "ಅವಳಿಗೆ ಇನ್ನೂ ಭಾಷೆ ಬಂದಿಲ್ಲ, ಯಾರೂ ಕೆಣಕಬಾರದು" ಎಂದು ಮಕ್ಕಳಿಗೆ ಹೇಳಿದೆ. ಮೇಷ್ಟ್ರು ಕೇಳಿದಾಗ ಅದನ್ನೇ ಹೇಳಿದೆ. ಹೆಡ್‌ಮೇಡಂ ಮಾತ್ರ ಕನ್ನಡಕದ ಮೇಲಿನಿಂದ ನೋಡಿದರು. "ಸಂಕ್ರಾಂತಿ ಬಂತಲ್ರೀ. ಬೇರೆ ಮಕ್ಕಳಿಗೆ ದಸರಾಗೇ ಬರತ್ತೆ, ಇವಳಿಗೆ ಯಾಕೆ ಇಷ್ಟು ದಿನ?" ಮಾರವಾಡಿ ಮನೆಯಲ್ಲವಾ ಮೇಡಂ, ಮನೆಯಲ್ಲಿ ಒಬ್ಬರೂ ಕನ್ನಡ ಆಡಲ್ಲ ಅಂದೆ. ಅನುಮಾನದ ಮನುಷ್ಯಳಿಗೆ ಸುಳ್ಳು ಹೇಳುವುದು ಬಹಳ ಕಷ್ಟದ ಕೆಲಸ. ಎದುರಿನವರು ಎಲ್ಲಿ ಹಿಡಿಯುತ್ತಾರೆ ಅಂತ ಮೊದಲೇ ಕಾಣುತ್ತಿರುತ್ತದೆ.

ಸಂಕ್ರಾಂತಿ ಕಳೆದ ಮೇಲೆ ಶಿಕ್ಷಣ ಇಲಾಖೆಯ ಅಧಿಕಾರಿಯೊಬ್ಬರು ತಪಾಸಣೆಗೆ ಬಂದರು. ಆ ಕಾಲದಲ್ಲಿ ಕೆಲವು ಶಾಲೆಗಳಲ್ಲಿ ಒಂದು ಪದ್ಧತಿ ಇತ್ತು, ಎಲ್ಲರಿಗೂ ಗೊತ್ತಿದ್ದು ಯಾರೂ ಹೇಳದ ಪದ್ಧತಿ. ತಪಾಸಣೆಯ ದಿನ ಸಂಖ್ಯೆ ತುಂಬಿಸಲು ಅಕ್ಕಪಕ್ಕದ ಮಕ್ಕಳನ್ನು ಕರೆತಂದು ಕೂರಿಸುವುದು. ಮಿಠಾಯಿ ಕೊಟ್ಟು ಮಧ್ಯಾಹ್ನ ಕಳಿಸಿಬಿಡುವುದು. ನಾವು ಹಾಗೆ ಮಾಡಿದವರಲ್ಲ. ಆದರೆ ಈ ಅಧಿಕಾರಿ ಬೇರೆ ಕಡೆ ಅಂಥದ್ದನ್ನು ಹಿಡಿದು ಬಂದಿದ್ದರಂತೆ. ನನಗಿಂತ ದೊಡ್ಡ ಅನುಮಾನದ ಮನುಷ್ಯ. ಬೆಂಚುಗಳ ನಡುವೆ ಮೆಲ್ಲಗೆ ಓಡಾಡುತ್ತಾ, ಒಬ್ಬೊಬ್ಬರ ಬೆನ್ನ ಹಿಂದೆ ನಿಂತು ಹೆಸರು ಕೇಳುತ್ತಿದ್ದರು. ಹೊಳೆಯುವ ಶೂ ಹಾಕಿದ ಹುಡುಗಿಯ ಮುಂದೆ ಬಂದು ನಿಂತರು.

"ಏನಮ್ಮ ನಿನ್ನ ಹೆಸ್ರು?"

ಅವಳು ಎದ್ದು ನಿಂತಳು. ತಮಿಳು ಹುಡುಗಿ ಬಾಯಿ ಹಾಕಲು ಹೋದಳು. "ನೀನು ಕೂತ್ಕೋ," ಅಂದರು.

"ಸಾರ್, ಅವಳಿಗೆ ಕನ್ನಡ ಬರಲ್ಲ," ಅಂದೆ. "ಬೇರೆ ಕಡೆಯವರು. ಈಗಷ್ಟೇ ಸೇರಿದಾಳೆ."

"ಜೂನಿಂದ ಹಾಜರಿ ಇದೆಯಲ್ರೀ?" ಅವರು ನನ್ನತ್ತ ತಿರುಗಿದರು. "ಎಂಟು ತಿಂಗಳಿಂದ ಕನ್ನಡ ಶಾಲೆಗೆ ಬರೋ ಮಗುಗೆ ಹೆಸರು ಹೇಳಕ್ಕೆ ಬರಲ್ವಾ? ಈ ಶೂ, ಈ ಜಡೆ, ನಿಮ್ಮ ಸ್ಕೂಲಿನ ಮಗು ಥರ ಕಾಣಲ್ಲ. ಯಾರ ಮನೆ ಮಗೂನ ತಂದು ಕೂರಿಸಿದೀರಾ?"

ಹೆಡ್‌ಮೇಡಂ ಮುಖ ಬಿಳಿಚಿತು. ಅಧಿಕಾರಿ ಬಗ್ಗಿ, ಮಗುವಿನ ಮುಖದ ಹತ್ತಿರ ಮುಖ ತಂದು, ಹಿಂದಿಯಲ್ಲಿ ಹೆಸರು ಕೇಳಿದರು. ಮಗುವಿನ ಕತ್ತಿನ ನರ ಉಬ್ಬುವುದು ನನಗೆ ನಿಂತಲ್ಲಿಂದಲೇ ಕಂಡಿತು. ಇನ್ನೊಂದು ಪ್ರಶ್ನೆ ಕೇಳಿದರೆ ಅವಳು ಮೂಗಿ ಎಂಬ ಮಾತು ಬರುತ್ತದೆ, ಇಂಥ ಮಗು ಇಲ್ಲಿ ಯಾಕೆ ಎಂದು ಬರೆಯುತ್ತಾರೆ, ಹೆಸರು ಹೋಗುತ್ತದೆ, ಮಗು ಊರಿಗೆ ಹೋಗುತ್ತದೆ. ನನ್ನ ತಲೆ ಕೆಲಸ ಮಾಡಲಿಲ್ಲ. ನಡುವೆ ಹೋಗಿ ನಿಂತು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಹಿಂದಿನೂ ಬರಲ್ಲ ಸಾರ್. ಅವರದ್ದು ಬೇರೆ ಭಾಷೆ. ಏನು ಹೇಳಿದ್ರೂ ತಿಳಿಯಲ್ಲ. ಓದಕ್ಕೆ ಬರಲ್ಲ, ಬರೆಯಕ್ಕೆ ಬರಲ್ಲ, ದಡ್ಡಿ ಸಾರ್. ಅವಳಿಗೆ ಏನೂ ಬರಲ್ಲ."

"ಬರತ್ತೆ."

ಯಾರು ಅಂದದ್ದು ಅಂತ ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ತಮಿಳು ಹುಡುಗಿ ಎರಡೂ ಕೈ ಬಾಯಿಗಿಟ್ಟುಕೊಂಡಳು. ಪಕ್ಕದಲ್ಲಿ ನಿಂತಿದ್ದವಳು ನನ್ನನ್ನೇ ನೋಡುತ್ತಿದ್ದಳು, ಕಿವಿಯವರೆಗೂ ಕೆಂಪಾಗಿ, ಅವತ್ತು ಬಾಲ್ಕನಿಯಲ್ಲಿ ತಮ್ಮನನ್ನು ನೋಡಿದ್ದ ಅದೇ ಸಿಟ್ಟಿನಿಂದ. ಮತ್ತೆ ತುಟಿ ಬಿಗಿದುಕೊಂಡಳು.

ಅಧಿಕಾರಿ ನೆಟ್ಟಗಾದರು. ಅವಳನ್ನು ನೋಡಿದರು, ನನ್ನನ್ನು ನೋಡಿದರು.

"ಬರಲ್ಲ ಅಂತೀರಿ ನೀವು, ಬರತ್ತೆ ಅನ್ನತ್ತೆ ಅದು. ಯಾರು ಸುಳ್ಳು ಹೇಳ್ತಿರೋದು?"

"ನಾನು ಸಾರ್," ಅಂದೆ.

ಅಷ್ಟು ಸಂತೋಷದಿಂದ ನಾನು ಯಾವತ್ತೂ ಸಿಕ್ಕಿಬಿದ್ದಿಲ್ಲ. ಅಧಿಕಾರಿ ಏನು ತಿಳಿದುಕೊಂಡರೋ, ಹಾಜರಿಯಲ್ಲಿ ಅವಳ ಹೆಸರಿಗೆ ಟಿಕ್ ಹಾಕಿ, ಮುಂದಿನ ಬೆಂಚಿಗೆ ಹೋದರು. ಆಮೇಲೆ ಆಫೀಸಿನಲ್ಲಿ ಹೆಡ್‌ಮೇಡಮ್ಮಿಂದ ನನಗೆ ಬೈಗುಳವಾಯಿತು. ತಲೆ ತಗ್ಗಿಸಿ ಕೇಳಿಸಿಕೊಂಡೆ, ಒಂದೂ ಕಿವಿಗೆ ಬೀಳಲಿಲ್ಲ.

ಸಂಜೆ ತಾಯಿ ಎಂದಿನಂತೆ ಕಾಂಪೌಂಡಿಗೆ ಒರಗಿ ನಿಂತಿದ್ದಳು. ಗಂಟೆಯಾಗುವ ಮೊದಲೇ ಹೋಗಿ ಹೇಳಿದೆ. ಅವಳ ಮುಖ ಅರಳಲಿಲ್ಲ. ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು.

"ಹೊಡೆದ್ರಾ ಮಿಸ್?"

"ಅಯ್ಯೋ, ಇಲ್ಲಮ್ಮ."

"ಹೆದರಿಸಿದ್ರಾ?"

"ಇಲ್ಲ. ಅವಳ ಮೇಲೆ ಒಂದು ಸುಳ್ಳು ಹೇಳಿದೆ. ಏನೂ ಬರಲ್ಲ ಅಂತ. ಅದನ್ನ ತಡ್ಕೊಳ್ಳಕ್ಕೆ ಆಗಲಿಲ್ಲ ಅವಳಿಗೆ."

ಆಗಲೂ ನಂಬಲಿಲ್ಲ. ಎರಡು ವರ್ಷ ತನ್ನ ಮಾತನ್ನು ಯಾರೂ ನಂಬದೆ ಸೋತವಳು ಬೇರೆಯವರ ಮಾತನ್ನು ಯಾಕೆ ನಂಬಿಯಾಳು? ಗಂಟೆಯಾಗಿ ಮಕ್ಕಳು ನುಗ್ಗಿಬಂದಾಗ ತಮಿಳು ಹುಡುಗಿಯನ್ನು ತೋಳು ಹಿಡಿದು ನಿಲ್ಲಿಸಿ ಕೇಳಿದಳು. "ಹೂಂ ಆಂಟಿ, ಅಂದ್ಳು! ಸಾರ್ ಮುಂದೆನೇ ಅಂದ್ಳು!" ಎಂದು ಆ ಹುಡುಗಿ ಕುಣಿದಳು.

ತಾಯಿ ಗೇಟಿನ ಮೆಟ್ಟಿಲ ಮೇಲೆ ಕುಸಿದು ಕೂತಳು. ಸೆರಗನ್ನು ಮುಖಕ್ಕೆ ಒತ್ತಿಕೊಂಡಳು. ಬಳೆಗಳು ಸದ್ದು ಮಾಡುತ್ತಿದ್ದವು. ಮಗಳು ಬ್ಯಾಗು ಹೊತ್ತುಕೊಂಡು ಬಂದು, ಏನಾಯಿತೆಂದು ತಿಳಿಯದೆ, ಅಮ್ಮನ ತಲೆಯನ್ನು ನೇವರಿಸತೊಡಗಿದಳು. ಸ್ವಲ್ಪ ಹೊತ್ತಿಗೆ ತಾಯಿ ಮುಖ ಒರೆಸಿಕೊಂಡು ಎದ್ದಳು, ಮಗಳ ಕೈ ಹಿಡಿದಳು, ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು:

"ನಾಳೆನೂ ಒಂದು ಸುಳ್ಳು ಹೇಳಿ, ಮಿಸ್."